ಸೇತುವೆ ದಾಟಿದ ಮೇಲೆ

ಸೈಕಲ್ ಮೇಲೆ ದೇಶ ಸುತ್ತುತ್ತ ಬಂದ ಡಚ್ ದಂಪತಿ ಸಪ್ತಾಪುರದ ನಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದರು. ಮರುವರ್ಷ ನಾನೂ ನಮ್ಮ ಯಜಮಾನರೂ ನೆದರ್‌ಲ್ಯಾಂಡ್ಸ್‌ನಲ್ಲಿರುವ ಅವರ ಹಳ್ಳಿಗೆ ಹೋದೆವು. ಅಲ್ಲಿ ಮುದುಕಿಯರೂ ಸೈಕಲ್ ಮೇಲೆಯೇ ಸಂತೆಗೆ ಹೋಗುತ್ತಿದ್ದರು. ನಮಗೂ ಎರಡು ಸೈಕಲ್ ಸಿಕ್ಕವು.

ಮೊದಲ ದಿನ ಮುಂಜಾನೆ ಮಂಜಿನಲ್ಲಿ ಕಾಲುವೆಯ ಸೇತುವೆ ದಾಟುತ್ತಿದ್ದಂತೆ ಹಿಂದೆ ಬೆಲ್ ಕೇಳಿಸಿತು.

“ಬಾಜೂಕ ಸರಿ, ಯಾರೋ ಬರಾಕತ್ತಾರ,” ಎಂದರು ಇವರು. ಸರಿದು ನಿಂತೆವು. ಯಾರೂ ಬರಲಿಲ್ಲ.

ಮನೆಗೆ ಮರಳಿ ಇವರು ಸ್ನಾನಕ್ಕೆ ಹೋದಾಗ ಮನೆಯಾಕೆಗೆ ಇದನ್ನು ಹೇಳಿದೆ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಆಕೆಯ ಕೈ ನಿಂತಿತು.

“ನನ್ನ ತಂಗಿ ಚಿಕ್ಕವಳಿದ್ದಾಗ ಅಲ್ಲೇ ಸೈಕಲ್ ಸಮೇತ ನೀರಿಗೆ ಬಿದ್ದು ತೀರಿಕೊಂಡಳು. ಅಲ್ಲಿ ನಾವೆಲ್ಲ ಅವಳಿಗೆ ದಾರಿ ಬಿಡುತ್ತೇವೆ,” ಎಂದಳು, ಮೆಲ್ಲಗೆ.

ಮರುದಿನ ಆಕೆಯೂ ಜೊತೆಗೆ ಬಂದಳು. ಸೇತುವೆ ದಾಟಿದೊಡನೆ ತಿರುಗಿ ನೋಡದೆ ಅಂಚಿಗೆ ಸರಿದಳು. ನಾವೂ ಸರಿದೆವು. ನನಗೇನೂ ಕೇಳಿಸಲಿಲ್ಲ. ಇವರು ಮಾತ್ರ ಖಾಲಿ ದಾರಿಯತ್ತ ಕೈ ಎತ್ತಿ ನಕ್ಕರು.

“ಯಾರಿಗ್ರೀ?”

“ಈಗ ಹೋದ್ಲಲ್ಲ, ಆ ಹುಡುಗಿಗೆ. ನಿನ್ನ ನೋಡೇ ನಕ್ಳು.”

ತಂಗಿಯ ಸಂಗತಿಯನ್ನು ನಾನು ಇವರಿಗೆ ಹೇಳಿರಲಿಲ್ಲ. ಊರಿಗೆ ಮರಳಿದ ಮೇಲೆ ಈಗಲೂ ಭಾನುವಾರ ಇಬ್ಬರೂ ಉಣಕಲ್ ಕೆರೆಯವರೆಗೆ ಸೈಕಲ್ ತುಳಿಯುತ್ತೇವೆ. ಇನ್ನೂ ಹೇಳಿಲ್ಲ.