ಎರಡು ಎಂಜಿನ್, ಎರಡು ಬಗೆಯ ಹೊಗೆ

ನಮ್ಮ ಆಫೀಸು ಪುಣೆಯ ವಿಮಾನ ನಗರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ತಲೆಯ ಮೇಲೆ ವಿಮಾನ ಹಾದಾಗಲೆಲ್ಲ ನಾವು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಸದ್ದು ಕಳೆದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದೆವು. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ಕಂಡು ನಗುತ್ತಿದ್ದರು. ವಾರ ಕಳೆಯುವುದರೊಳಗೆ ಅವರೂ ಹಾಗೆಯೇ ಮಾತಾಡುತ್ತಿದ್ದರು.

ಮೊಬೈಲಿಗೆ ಸಣ್ಣಪುಟ್ಟ ಆಟಗಳನ್ನು ಮಾಡುವ ಚಿಕ್ಕ ಕಂಪನಿ ಅದು. ನಾನು ಮಂಡ್ಯದವಳು. ನನ್ನ ಎದುರಿನ ಮೇಜಿನ ಗೆಳೆಯ ಪುಣೆಯಲ್ಲೇ ಹುಟ್ಟಿ ಬೆಳೆದವನು. ಅವನ ಅಜ್ಜ ವಿಜಯಪುರದ ಕಡೆಯಿಂದ ಬಂದು ಇಲ್ಲಿ ಕಾಳಿನ ವ್ಯಾಪಾರ ಹಿಡಿದವರಂತೆ. ಮನೆಯಲ್ಲಿ ಆ ಕಡೆಯ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನನ್ನ ಮಾತು ಕೇಳಿದರೆ ಟೀವಿಯಲ್ಲಿ ವಾರ್ತೆ ಓದಿದಂತಾಗುತ್ತದೆ ಎಂದು ಅವನು ಆಡಿಕೊಳ್ಳುತ್ತಿದ್ದ.

ಒಮ್ಮೆ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದು ನಮಗೆ ಹೊಸ ಬಗೆಯ ಕೆಲಸ ಕೊಟ್ಟಿತು. ಪಂಪ್ ಕೋಣೆಯಲ್ಲಿ ಬೆಂಕಿ ಬಿದ್ದರೆ ಕೆಲಸಗಾರರು ಏನು ಮಾಡಬೇಕೆಂದು ಕಲಿಸುವ ಆಟವೊಂದು ಬೇಕಿತ್ತು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಕೋಣೆಯೊಳಗೇ ನಿಂತಂತಾಗಬೇಕು. ಇಂಥದ್ದನ್ನು ಕಟ್ಟಲು ಗೇಮ್ ಎಂಜಿನ್ ಬೇಕು. ಬೆಳಕು ಬೀಳುವುದು, ನೆರಳು ಸರಿಯುವುದು, ಕೈಬಿಟ್ಟ ವಸ್ತು ನೆಲಕ್ಕೆ ಬೀಳುವುದು, ಇವನ್ನೆಲ್ಲ ಮೊದಲೇ ಕಲಿತಿಟ್ಟುಕೊಂಡಿರುವ ಸಾಫ್ಟ್‌ವೇರ್ ಅದು. ನಮ್ಮ ಮುಂದೆ ಎರಡಿದ್ದವು. ಒಂದು ಚಿತ್ರದ ಅಂದಕ್ಕೆ ಹೆಸರಾದದ್ದು, ಇನ್ನೊಂದು ಬಳಸಲು ಸುಲಭವೆಂದು ಹೆಸರಾದದ್ದು. ಯಾವುದನ್ನು ಹಿಡಿಯುವುದೆಂದು ಗೊತ್ತಾಗದೆ ಬಾಸ್, ಒಂದೇ ಪಂಪ್ ಕೋಣೆಯನ್ನು ಎರಡರಲ್ಲೂ ಕಟ್ಟಿ ಹೋಲಿಸಿ ಎಂದರು. ಚೆಂದದ ಎಂಜಿನ್ ಅವನ ಪಾಲಿಗೆ ಬಂತು. ಸುಲಭದ್ದು ನನ್ನದಾಯಿತು.

ಅಲ್ಲಿಂದ ಶುರುವಾಯಿತು ನಮ್ಮ ಜಗಳ.

"ನಿಂದೇನದ, ಪ್ಲಾಸ್ಟಿಕ್ ಆಟಿಗಿ ಸಾಮಾನ ಇದ್ದಂಗ ಅದ," ಎನ್ನುತ್ತಿದ್ದ ಅವನು ನನ್ನ ಪರದೆ ನೋಡಿ. "ನಂದ್ರಾಗ ಬೆಳಕ ನೋಡು, ಪೈಪಿನ ಮ್ಯಾಲ ಹೆಂಗ ಬಿದ್ದದ!"

"ಚೆನ್ನಾಗೇ ಇದೆ ಕಣೋ. ಆದ್ರೆ ಒಂದು ಬಾಗಿಲು ಆ ಕಡೆ ಸರಿಸೋಕೆ ಬೆಳಿಗ್ಗೆಯಿಂದ ಕೂತಿದ್ದೀಯಲ್ಲ!"

ಅವನ ಎಂಜಿನ್ನಿನಲ್ಲಿ ಗೋಡೆಯೊಂದನ್ನು ಸರಿಸಿದರೂ ಇಡೀ ಕೋಣೆಯ ಬೆಳಕಿನ ಲೆಕ್ಕ ಮತ್ತೆ ಮೊದಲಿಂದ ಆಗಬೇಕಿತ್ತು. ನಮ್ಮ ಕಸುಬಿನ ಮಾತಿನಲ್ಲಿ ಅದು ಬೆಳಕು ಬೇಯಿಸುವುದು. ಅದು ಮುಗಿಯುವ ತನಕ ಕಂಪ್ಯೂಟರು ಬಿಸಿಯಾಗಿ ಬುಸುಗುಟ್ಟುತ್ತಿತ್ತು. "ಬೆಳಕು ಬೇಯಾಕತ್ತದ, ನಡಿ, ಚಹಾ ಕುಡಿದು ಬರೂಣು," ಎಂದು ಅವನು ಎದ್ದುಬಿಡುತ್ತಿದ್ದ. ನನ್ನ ಕೆಲಸ ಬೇಗ ಮುಗಿದಿದ್ದರೂ ನಾನೂ ಹಿಂದೆಯೇ ಇಳಿದು ಹೋಗುತ್ತಿದ್ದೆ. ಕೆಳಗಿನ ಗಾಡಿಯ ಶುಂಠಿ ಚಹಾ, ಅದರ ಜೊತೆ ಬಿಸಿ ಪಾವ್, ಅವನ ಅಜ್ಜನ ಕಾಲದ ಕಥೆಗಳು. ಆ ಬೆಳಕು ನಿಧಾನವಾಗಿಯೇ ಬೇಯಲಿ ಎಂದು ನನಗೆ ಅನಿಸುತ್ತಿದ್ದದ್ದೂ ಉಂಟು.

ಕಾರ್ಖಾನೆ ನೋಡಲು ಸೋಲಾಪುರ ರಸ್ತೆಯಲ್ಲಿ ಆಗಾಗ ಹೋಗಿಬರುತ್ತಿದ್ದೆವು. ಯವತ್ ಸಮೀಪಿಸುತ್ತಿದ್ದಂತೆ ಬೆಲ್ಲ ಕುದಿಯುವ ವಾಸನೆ ಕಾರಿನೊಳಗೆ ತುಂಬುತ್ತಿತ್ತು. ಆಲೆಮನೆಗಳ ನಾಡಿನಿಂದ ಬಂದ ನನಗೆ ಕಿಟಕಿಯ ಗಾಜು ಏರಿಸಲು ಮನಸ್ಸೇ ಬರುತ್ತಿರಲಿಲ್ಲ. ಕುರಕುಂಭ ಮುಟ್ಟಿದರೆ ಮೂಗಿಗೆ ಬೇರೆಯೇ ಘಾಟು.

ಅಲ್ಲಿನ ಸೇಫ್ಟಿ ಆಫೀಸರು ಐವತ್ತು ದಾಟಿದ ದಪ್ಪ ಮೀಸೆಯ ಮನುಷ್ಯ. ಮೊದಲ ದಿನ ನಾವಿಬ್ಬರೂ ಕನ್ನಡದಲ್ಲಿ ಕಿತ್ತಾಡುವುದನ್ನು ಕೇಳಿ ಅವರ ಮುಖ ಅರಳಿತು. "ನಮ್ಮವರೇನ್ರಿ? ಮತ್ತ ಮೊದಲ ಹೇಳಬಾರದಾ! ನಾ ಇಂಡಿ ಕಡಿಯಾಂವ," ಎಂದರು. ಆಮೇಲೆ ಅವರು ನಮಗೆ ಕಾಕಾ ಆದರು. ತಲೆಗೆ ಹೆಲ್ಮೆಟ್ ಇಟ್ಟು ಪಂಪ್ ಕೋಣೆಯನ್ನೆಲ್ಲ ಸುತ್ತಿಸಿ ತೋರಿಸಿದರು. ಮಧ್ಯಾಹ್ನ ಅವರ ಡಬ್ಬಿಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ನಮಗೂ ಸಿಗುತ್ತಿತ್ತು.

ಎರಡೂ ಕೋಣೆಗಳು ಒಂದು ಹಂತಕ್ಕೆ ಬಂದ ಮೇಲೆ ಕಾರ್ಖಾನೆಯ ತರಬೇತಿ ಹಾಲ್‌ನಲ್ಲಿ ಪರೀಕ್ಷೆಗೆ ಇಟ್ಟೆವು. ಕೆಲಸಗಾರರು ಒಬ್ಬೊಬ್ಬರಾಗಿ ಹೆಡ್‌ಸೆಟ್ ಕಟ್ಟಿಕೊಂಡರು. ನನ್ನ ಕೋಣೆ ನೋಡಿ, ಮಕ್ಕಳ ಕಾರ್ಟೂನ್ ಇದ್ದಂತಿದೆ ಎಂದು ಮರಾಠಿಯಲ್ಲಿ ನಕ್ಕರು. ಆದರೂ ಹೇಳಿದ ವಾಲ್ವ್ ತಿರುಗಿಸಿ ಹೇಳಿದ ಬಾಗಿಲಿನಿಂದ ಹೊರಬಂದರು. ಗೆಳೆಯನ ಕೋಣೆಗೆ ಹೊಕ್ಕವರು ಮಾತ್ರ ನಗಲಿಲ್ಲ. ಒಬ್ಬಾತ ಪೈಪು ಮುಟ್ಟಲು ಕೈ ಚಾಚಿ, ಏನೂ ಸಿಗದೆ ಬೆಪ್ಪಾಗಿ ನಿಂತ. ಗೆಳೆಯ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಕೊನೆಗೆ ಕಾಕಾ ಹೆಡ್‌ಸೆಟ್ ಕಟ್ಟಿಕೊಂಡು ಗೆಳೆಯನ ಕೋಣೆಗೆ ಹೊಕ್ಕರು. ಅವರು ವಾಲ್ವ್ ಕಡೆ ಹೆಜ್ಜೆಯಿಡುತ್ತಿದ್ದಂತೆ ಹೊಗೆ ಎದ್ದಿತು. ಅದು ಛಾವಣಿಗೆ ತಾಗಿ, ಹರಡಿ, ಮೆಲ್ಲಗೆ ಕೆಳಗಿಳಿಯುವಂತೆ ಗೆಳೆಯ ತಿಂಗಳುಗಟ್ಟಲೆ ಕೂತು ತಿದ್ದಿದ್ದ. ಪಕ್ಕದ ಪರದೆಯಲ್ಲಿ ನಮಗೂ ಅದು ಕಾಣುತ್ತಿತ್ತು. ಕಾಕಾ ಇದ್ದಕ್ಕಿದ್ದಂತೆ ನಿಂತುಬಿಟ್ಟರು. "ಬಾಗಲಾ ಎಲ್ಲದ?" ಎಂದರು. ನಾನು ಎಡಕ್ಕೆ ಎಂದೆ. ಅವರಿಗೆ ಕೇಳಿಸಲಿಲ್ಲ. "ಬಾಗಲಾ ಎಲ್ಲದೋ!" ಎಂದು ಕೂಗಿ, ಮೇಜಿಗೆ ಡಿಕ್ಕಿ ಹೊಡೆದು, ಹೆಡ್‌ಸೆಟ್ ಕಿತ್ತು ನನ್ನ ಕೈಗೆ ತುರುಕಿ ಹೊರಗೆ ನಡೆದರು.

ನಾವು ಹೋಗಿ ನೋಡಿದರೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಗೆಳೆಯ ನೀರು ಕೊಟ್ಟ. ಕುಡಿದ ಮೇಲೆ ತಾವಾಗಿಯೇ ಹೇಳಿದರು. ಹರೆಯದಲ್ಲಿ ಬೇರೊಂದು ರಾಜ್ಯದ ಕಾರ್ಖಾನೆಯಲ್ಲಿದ್ದಾಗ ಅವರೂ ಅವರ ಜೊತೆಗಾರನೂ ಇಂಥದ್ದೇ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದರಂತೆ.

"ನಾ ಹೊರಗ ಬಂದೆ. ಅಂವ ಬರಲಿಲ್ಲ," ಎಂದರು. ಆಮೇಲೆ ಗೆಳೆಯನ ಕಡೆ ತಿರುಗಿ, "ಹೊಗಿ ಅಂದ್ರ ಹಂಗ ಮ್ಯಾಲಿಂದ ಇಳೀತದ ತಮ್ಮಾ. ಖರೇನ ಹಂಗ ಮಾಡೀದಿ. ಛಂದ ಅದ ಅಂತ ಮಾತ್ರ ನನ್ನ ಬಾಯಿಲೆ ಬರವಲ್ದು," ಎಂದರು.

ಆಮೇಲೆ ವಾಪಸ್ ಹೊರಟೆವು. ಪುಣೆಯಂಚಿನ ಹಡಪ್ಸರ್ ದಾಟಿದ ಮೇಲೆ ಗೆಳೆಯ, "ನಾ ವಿಡಿಯೋ ನೋಡಿ ಹೊಗಿ ಮಾಡೂದು ಕಲ್ತೆ. ಅವರು ಅದರೊಳಗ ಇದ್ದು ಬಂದಾರ," ಎಂದಷ್ಟೇ ಅಂದ.

ಆ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಸ್ವಲ್ಪ ದಿನಕ್ಕೆ ಕಾಕಾ ಅವರೇ ಫೋನ್ ಮಾಡಿದರು. "ಹೊಗಿ ಇಲ್ಲದ ತರಬೇತಿ ಎಂಥಾದ್ದು ತಂಗಿ? ಹೊಗಿ ಇರಲೇಬೇಕು. ಎಷ್ಟು ಇರಬೇಕಂತ ನಾ ಕೂತು ಹೇಳತೀನಿ. ಬರ್ರಿ," ಎಂದರು.

ಎರಡೂ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆವು. ಕಾಕಾ ಕುರ್ಚಿಯಲ್ಲಿ ಕೂತು ತಯಾರಾದರು. ಗೆಳೆಯ ತನ್ನದನ್ನು ತೆರೆದು, ಒಂದು ಗಳಿಗೆ ನೋಡಿ, ಮುಚ್ಚಿಟ್ಟ. "ನಿಂದ್ರಾಗ ಮಾಡು. ನಂದು ಬೇಯೂತನಕ ಕಾಕಾರ ಧೈರ್ಯ ಆರಿಹೋಗತದ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದ.

ನನ್ನ ಎಂಜಿನ್ನಿನಲ್ಲಿ ಒಂದು ಗುಂಡಿಯನ್ನು ಅತ್ತಿತ್ತ ಎಳೆದರೆ ಹೊಗೆ ಆ ಕ್ಷಣವೇ ಹೆಚ್ಚುತ್ತಿತ್ತು, ಕಡಿಮೆಯಾಗುತ್ತಿತ್ತು. ಕಾಕಾ ಹೆಡ್‌ಸೆಟ್ ಕಟ್ಟಿಕೊಂಡರು. ಗೆಳೆಯ ಅವರ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಿಂತ.

"ಬಿಡು ತಂಗಿ. ಸಾವಕಾಶ."

ಸ್ವಲ್ಪ ಬಿಟ್ಟೆ.

"ಹ್ಞಾಂ. ಇನ್ನಷ್ಟು. ಸಾಕು ಸಾಕು, ತಗೀ!"

ತೆಗೆದೆ. ಅವರು ಉಸಿರು ಎಳೆದುಕೊಂಡು ಮತ್ತೆ ಬಿಡಲು ಹೇಳಿದರು. ಹೀಗೆಯೇ ಮಧ್ಯಾಹ್ನ ಕಳೆಯಿತು. ನಡುನಡುವೆ ಅವರು ಹೇಳಿದ್ದನ್ನೆಲ್ಲ ಅಲ್ಲೇ ತಿದ್ದುತ್ತಾ ಹೋದೆ. ಬಾಗಿಲಿನ ಹಸಿರು ದೀಪ ಮೇಲಿದ್ದರೆ ಹೊಗೆಯಲ್ಲಿ ಮುಚ್ಚಿಹೋಗುತ್ತದೆ, ನೆಲದ ಹತ್ತಿರ ಹಾಕು ಎಂದರು. ಹಾಕಿದೆ. ಕೊನೆಯ ಸಲ ಹೊಗೆಯನ್ನು ಪೂರ್ತಿ ಬಿಡಲು ಹೇಳಿ, ಕುರ್ಚಿಯಿಂದಿಳಿದು ನೆಲಕ್ಕೆ ಬಗ್ಗಿದರು. ಗೆಳೆಯ ಓಡಿ ದಾರಿಯಲ್ಲಿದ್ದ ಕುರ್ಚಿಗಳನ್ನು ಸರಿಸಿದ. ಕಾಕಾ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡೇ ಹಾಲ್‌ನ ಉದ್ದಕ್ಕೂ ಅಂಬೆಗಾಲಿನಲ್ಲಿ ಹೋಗಿ, ಪರದೆಯ ಮೇಲಿನ ಬಾಗಿಲು ದಾಟಿ, ಗೋಡೆಗೊರಗಿ ಕೂತರು. ಹೆಡ್‌ಸೆಟ್ ತೆಗೆದಾಗ ಕಣ್ಣು ಕೆಂಪಾಗಿದ್ದವು.

"ಬಂದೆ ನೋಡ್ರಿ," ಎಂದರು.

ಗೆಳೆಯ ಅವರ ಪಕ್ಕ ನೆಲದ ಮೇಲೆಯೇ ಕೂತ. ನಾನೂ ಹೋಗಿ ಕೂತೆ.

ಬಾಸ್‌ಗೆ ವರದಿ ಬರೆದವನು ಗೆಳೆಯನೇ. ಅಂದದಲ್ಲಿ ತನ್ನ ಎಂಜಿನ್ ಬಹಳ ಮುಂದೆ, ಈ ಕೆಲಸಕ್ಕೆ ಮಾತ್ರ ಸುಲಭದ್ದೇ ಬೇಕು ಎಂದು ಮುಚ್ಚುಮರೆಯಿಲ್ಲದೆ ಬರೆದ. ಆಮೇಲೆ ನನ್ನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ನನ್ನ ಪ್ಲಾಸ್ಟಿಕ್ ಪೈಪುಗಳಿಗೆ ತುಕ್ಕು, ಗೋಡೆಗೆ ಸಂಜೆಯ ಬಿಸಿಲು, ಮೂಲೆಗೆ ನೆರಳು ಎಲ್ಲವನ್ನೂ ಕೈಯಲ್ಲೇ ಬಣ್ಣ ಹಚ್ಚಿ ತುಂಬಿದ. ಮಳೆಗಾಲ ಮುಗಿಯುವುದರೊಳಗೆ ಅದು ಕಾರ್ಖಾನೆಯ ಬಳಕೆಗೆ ಬಂತು. ಮೊದಲ ತರಬೇತಿಯ ದಿನ ಕಾಕಾ ಎಲ್ಲರಿಗಿಂತ ಮುಂಚೆ ತಾವೇ ಒಳಗೆ ಹೋಗಿಬಂದು ತೋರಿಸಿದರು.

ಆ ಕಂಪನಿ ಈಗ ಇಲ್ಲ. ನಾವು ಕೂರುತ್ತಿದ್ದ ಜಾಗದಲ್ಲಿ ಹಲ್ಲಿನ ಆಸ್ಪತ್ರೆಯಿದೆ. ಗೆಳೆಯ ಹೈದರಾಬಾದಿನಲ್ಲಿದ್ದಾನೆ. ಎಂಜಿನ್‌ಗಳೂ ಬದಲಾದವು. ನನ್ನದರಲ್ಲಿ ಅಂದ ಬಂತು, ಅವನದ್ದು ಸುಲಭವಾಯಿತು, ಬೆಳಕು ಎರಡರಲ್ಲೂ ಬೇಯದೆಯೇ ಬೀಳುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಚಹಾಕ್ಕೆ ಕರೆಯುವವರಿಲ್ಲ.

ಹೋದ ತಿಂಗಳು ಹಳೆಯ ಹಾರ್ಡ್ ಡಿಸ್ಕ್ ಒಂದು ಸಿಕ್ಕಿತು. ಎರಡೂ ಕೋಣೆಗಳು ಅದರಲ್ಲಿದ್ದವು. ನನ್ನದು ತೆರೆಯಿತು. ಅವನದ್ದು ಏನು ಮಾಡಿದರೂ ತೆರೆಯಲಿಲ್ಲ. ಹೊಸ ಆವೃತ್ತಿಗೆ ಅದು ಹೊಂದುವುದಿಲ್ಲವಂತೆ. ನಾನು ನನ್ನ ಕೋಣೆಯೊಳಗೆ ಸುಮ್ಮನೆ ಅಡ್ಡಾಡಿದೆ. ಗೋಡೆಯ ಮೇಲೆ ಅವನು ಬಳಿದ ಬಿಸಿಲು ಹಾಗೇ ಇತ್ತು. ಫೋನ್ ಮಾಡಿ ಹೇಳಿದೆ.

"ನಂದು ತಗೀವಲ್ದೇನು?" ಎಂದ. ಆಮೇಲೆ, "ಡಿಸ್ಕ್ ಕಳಸಿಕೊಡು. ಹಳೇ ಕಂಪ್ಯೂಟರ್ ಒಂದು ನನ್ನ ಕಡೆ ಅದ. ಅದರಾಗ ನೋಡತೀನಿ," ಎಂದ.

ಮರುದಿನವೇ ಬಟ್ಟೆಯಲ್ಲಿ ಸುತ್ತಿ ಕೊರಿಯರ್ ಮಾಡಿದೆ.