ಆಫ್ರಿಕಾಕ್ಕೆ ಹೋದ ಭಂಡಾರ

ನಮ್ಮಪ್ಪ ನ್ಯಾಯ ಹೇಳುತ್ತಿದ್ದದ್ದು ಮನೆ ಮುಂದಿನ ಕಟ್ಟೆಯ ಮೇಲೆ ಕೂತು. ಮಗ್ಗುಲಲ್ಲಿ ಒಂದು ಹಿತ್ತಾಳೆ ಡಬ್ಬಿ ಇರುತ್ತಿತ್ತು. ಅದರೊಳಗೆ ಭಂಡಾರ, ಅಂದರೆ ಮಾಯವ್ವನ ಗುಡಿಯಿಂದ ತಂದ ಅರಿಷಿಣದ ಪುಡಿ. ಹೊಲದ ಗಡಿಯ ಬಾಂದು ಒತ್ತಿದವರು, ನೀರಿನ ಪಾಳಿ ತಪ್ಪಿಸಿದವರು, ಅಣ್ಣತಮ್ಮಂದಿರು, ಯಾರೇ ಬರಲಿ, ಅಪ್ಪ ಎರಡೂ ಕಡೆಯವರ ಮಾತು ಕೇಳಿ ಮುಗಿಸಿ ಇಬ್ಬರ ಅಂಗೈಗೂ ಒಂದೊಂದು ಚಿಟಿಕೆ ಭಂಡಾರ ಹಾಕುತ್ತಿದ್ದ. ಅದನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಬಾಯಿಗೆ ಹಾಕಿಕೊಂಡರೆ ಮಾತು ಕೊಟ್ಟಂತೆ. ಭಂಡಾರ ಎತ್ತುವುದು ಅಂದರೆ ಇದೇ.

ಎತ್ತಿದ ಮೇಲೆ ಮಾತು ಮುರಿದವನ ಹೊಲಕ್ಕೆ ಕಬ್ಬು ಕಡಿಯುವ ಟೋಳಿ ಇಳಿಯುತ್ತಿರಲಿಲ್ಲ. ಬಿತ್ತಲು ಯಾರೂ ಅವನಿಗೆ ಎತ್ತು ಕೊಡುತ್ತಿರಲಿಲ್ಲ. ಮಾಯವ್ವ ಕಣ್ಣು ಬಿಡುವ ಮೊದಲೇ ಊರು ಕಣ್ಣು ಬಿಡುತ್ತಿತ್ತು. ನಮ್ಮದು ಕೃಷ್ಣೆಯ ದಂಡೆಯ ಊರು, ಉಗಾರ ಖುರ್ದದ ಫ್ಯಾಕ್ಟರಿಯ ಭೋಂಗಾ ಕೇಳುವಷ್ಟು ಹತ್ತಿರ. ಭೋಂಗಾ ಕೇಳಿ ಏಳುವುದು, ಭಂಡಾರಕ್ಕೆ ಅಂಜುವುದು, ಇವೆರಡನ್ನೂ ನಾವು ಯಾರಿಂದಲೂ ಕೇಳಿ ಕಲಿತವರಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಥಣಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬಂದು ಬಿ.ಎ. ಓದುತ್ತಿದ್ದೆ. ರಾಜ್ಯಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಕಾಯ್ದೆ ಅಂತ ಒಂದು ಪೇಪರು. ಲೋಕದ ದೇಶಗಳೆಲ್ಲ ಸೇರಿ ಒಂದು ದೊಡ್ಡ ಸಭೆ ಮಾಡಿಕೊಂಡಿವೆ, ಒಬ್ಬರ ಮೇಲೆ ಇನ್ನೊಬ್ಬರು ಏರಿಹೋದರೆ ಎಲ್ಲರೂ ಕೂಡಿ ತಡೆಯುತ್ತಾರೆ ಎಂದು ಪುಸ್ತಕ ಹೇಳುತ್ತಿತ್ತು. ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ, ಅಪ್ಪ ಎಲೆ ಅಡಿಕೆ ಹಾಕಿಕೊಂಡು ಕೇಳುತ್ತಿದ್ದ. ಅವನ ಪಾಲಿಗೆ ಅದು ದೊಡ್ಡ ಪಂಚಾಯ್ತಿ. ಸಭೆಯಲ್ಲಿ ಐದು ದೊಡ್ಡ ದೇಶಗಳಿವೆ, ಅವುಗಳಲ್ಲಿ ಒಂದು ಒಲ್ಲೆ ಅಂದರೂ ತೀರ್ಮಾನ ನಿಂತಂತೆ ಎಂದು ನಾನು ಓದಿದ ದಿನ ಎಲೆ ಉಗುಳಿ ಬಂದ.

"ಒಬ್ಬಾವ ಒಲ್ಲೆ ಅಂದ್ರ ಎಲ್ಲಾರೂ ಬಾಯಿ ಮುಚ್ಚೊಂಡ ಕುಂಡ್ರೂದಂದ್ರ ಅದೆಂಥಾ ಪಂಚಾಯ್ತಿಬೇ?" ಅಂದ.

ನನಗೂ ನಾಲಿಗೆ ತುರಿಸುತ್ತಿತ್ತು. "ವಾಡೇದವರು ಒಲ್ಲೆ ಅಂದ್ರ ನಮ್ಮೂರಾಗರ ನ್ಯಾಯ ಆಕ್ಕೈತೇನಪ್ಪಾ?" ಎಂದು ಕೇಳಿದೆ. ವಾಡೆ ಅಂದರೆ ಊರ ನಡುವಿನ ದೊಡ್ಡ ಮನೆ. ಅರ್ಧ ಊರಿನ ಕಬ್ಬು ಅವರದು, ನದಿಯಿಂದ ನೀರೆತ್ತುವ ಮೋಟರು ಅವರದು, ಟೋಳಿಯನ್ನು ಕರೆಸುವವರೂ ಅವರೇ.

"ಭಂಡಾರಕ್ಕ ವಾಡೆ ಇಲ್ಲ, ಗುಡಸಲ ಇಲ್ಲ. ಸುಮ್ನ ಓದ ಹೋಗ," ಎಂದು ಗದರಿದ. ಅವನಿಗೆ ಸಿಟ್ಟು ಬಂದದ್ದು ಕಂಡು ನನಗೆ ಒಳಗೊಳಗೇ ಖುಷಿಯಾಯಿತು. ಹತ್ತೊಂಬತ್ತರ ಹುಡುಗಿ, ಅಪ್ಪನನ್ನು ಮಾತಿನಲ್ಲಿ ಕೆಡವಿದರೆ ಜಗತ್ತು ಗೆದ್ದೆ ಅನ್ನಿಸುತ್ತಿತ್ತು.

ನನ್ನ ಅಣ್ಣ ಪಲ್ಟಣದಲ್ಲಿ, ಅಂದರೆ ಸೈನ್ಯದಲ್ಲಿ ಇದ್ದ. ಅದೇ ವರ್ಷ ಆ ದೊಡ್ಡ ಸಭೆಯವರು ಶಾಂತಿ ಕಾಯಲು ಆಫ್ರಿಕಾದ ಒಂದು ದೇಶಕ್ಕೆ ಬೇರೆಬೇರೆ ದೇಶಗಳ ಸಿಪಾಯಿಗಳನ್ನು ಕಳಿಸಿದರು. ಅಣ್ಣನ ಪಲ್ಟಣವೂ ಹೊರಟಿತು. ಹೊರಡುವ ಮುಂಚೆ ನಾಲ್ಕು ದಿನದ ಸೂಟಿಯ ಮೇಲೆ ಮನೆಗೆ ಬಂದ. ಅಲ್ಲಿ ಹೋದ ಮೇಲೆ ನೀಲಿ ಟೊಪ್ಪಿಗೆ ಕೊಡುತ್ತಾರಂತೆ ಅಂದ. ಅಪ್ಪ ಡಬ್ಬಿ ತೆಗೆದು, ಒಂದು ಕಾಗದದ ಪೊಟ್ಟಣದಲ್ಲಿ ಭಂಡಾರ ಕಟ್ಟಿ ಅವನ ಕಿಸೆಗೆ ಹಾಕಿದ. "ಜಗಳಾ ಬಿಡಸಾಕ ಹೊಂಟೀದಿ. ಬರಿಗೈಲೆ ಹೋಗಬ್ಯಾಡ," ಎಂದ. ಅವ್ವ ಅತ್ತಳು, ನಾನು ನಕ್ಕೆ.

ಪತ್ರಗಳು ಬರತೊಡಗಿದವು. ಅಣ್ಣ ಮಾತಾಡಿದ ಹಾಗೆಯೇ ಬರೆಯುತ್ತಿದ್ದ. "ಇಲ್ಲೂ ಜ್ವಾಳ ಬೆಳಿತಾರಪ್ಪಾ. ಆದ್ರ ರೊಟ್ಟಿ ಬಡ್ಯಾಕ ಬರಂಗಿಲ್ಲ, ಹಿಟ್ಟ ಹುಳಿ ಬರಿಸಿ ದ್ವಾಸಿ ಹಂಗ ಹೊಯ್ತಾರ." ಸಿಪಾಯಿಗಳು ಬೀಡುಬಿಟ್ಟಿದ್ದ ಛಾವಣಿಯ ತಂತಿಬೇಲಿಯ ಹೊರಗೆ ಊರು ಬಿಟ್ಟು ಓಡಿಬಂದವರು ಚಾಪೆ, ತಾಡಪತ್ರಿ ಕಟ್ಟಿಕೊಂಡು ಕೂತಿದ್ದರು. ಅವರಲ್ಲಿ ಒಬ್ಬ ಹೆಂಗಸು, ಇಬ್ಬರು ಹೆಣ್ಣುಮಕ್ಕಳು. ಗಂಡ ಸತ್ತಿದ್ದ. ಅವಳ ಊರು ಅಲ್ಲಿಂದ ಮೂರು ಹರದಾರಿ ದೂರ. ಅವಳು ಒಂದು ಚೀಲ ಬೀಜದ ಜೋಳ ಬಿಟ್ಟು ಮತ್ತೇನೂ ತಂದಿರಲಿಲ್ಲವಂತೆ. ಹಸಿದ ಮಕ್ಕಳಿದ್ದರೂ ಆ ಚೀಲದ ಬಾಯಿ ಬಿಚ್ಚಿರಲಿಲ್ಲ. ದಿನಾ ನೀರಿಗೆ ಬಂದಾಗ ಅಣ್ಣನನ್ನು ಒಂದೇ ಮಾತು ಕೇಳುತ್ತಿದ್ದಳು, ಅವನೇ ಕಲಿಸಿದ ಹಿಂದಿಯಲ್ಲಿ: "ಜಾವೂಂ?" ಹೋಗಲಾ ಅಂತ. ಅಣ್ಣ ಇನ್ನೂ ಬೇಡ ಎಂದು ಕೈಯಾಡಿಸುತ್ತಿದ್ದ. ಅವ್ವ ಆ ಹೆಂಗಸಿನ ಬಗ್ಗೆ ಬರೆ ಎಂದು ನನ್ನಿಂದ ಪತ್ರ ಬರೆಸುತ್ತಿದ್ದಳು. ಮಕ್ಕಳಿಗೆ ಜ್ವರ ಬಿಟ್ಟಿತಾ, ಚೀಲಕ್ಕೆ ನುಸಿ ಹತ್ತಿಲ್ಲ ತಾನೇ, ಹೀಗೆ.

ಪರೀಕ್ಷೆ ಇನ್ನೂ ಹದಿನೈದು ದಿನ ಇರುವಾಗ ಬಂದ ಪತ್ರವನ್ನು ಅಪ್ಪ ಮೂರು ಸಲ ಓದಿಸಿದ. ಬಡಿದಾಡುತ್ತಿದ್ದ ಎರಡೂ ಪಂಗಡದ ಮುಖ್ಯಸ್ಥರು ಛಾವಣಿಯ ಡೇರೆಯೊಳಗೆ ಬಂದು, ದೊಡ್ಡ ಸಭೆಯ ಅಧಿಕಾರಿಗಳ ಮುಂದೆ ಕಾಗದಕ್ಕೆ ಸಹಿ ಹಾಕಿದ್ದರು. ಬಾಗಿಲಲ್ಲಿ ಪಹರೆಗೆ ನಿಂತಿದ್ದ ನಮ್ಮ ಅಣ್ಣ, ಸಹಿ ಆದ ಮೇಲೆ ತನ್ನ ಸಾಹೇಬರ ಅಪ್ಪಣೆ ಕೇಳಿ, ಕಿಸೆಯ ಪೊಟ್ಟಣ ಬಿಚ್ಚಿ ಇಬ್ಬರ ಕೈಗೂ ಭಂಡಾರ ಹಾಕಿದ್ದ. "ಎತ್ಯಾರಪ್ಪಾ ಇಬ್ಬರೂ. ಮರದಿನ ಆಕಿಗೆ ಹೋಗವಾ ಅಂದೇನಿ. ಬಾಗಲಿಗೆ ಹಚ್ಚಾಕ ಒಂದ ಚಿಟಗಿ ಆಕಿ ಕೈಯಾಗೂ ಕೊಟ್ಟೇನಿ. ಬಿತ್ತೂ ಹೊತ್ತಿಗೆ ಮನಿ ಮುಟ್ತಾಳ."

ಅಪ್ಪ ಕಟ್ಟೆಯಿಂದ ಕಟ್ಟೆಗೆ ಹೋಗಿ ಸಾರಿದ. ಮಾಯವ್ವ ಸಮುದ್ರ ದಾಟ್ಯಾಳ ಅಂದ. ನಾನೂ ನಗಲಿಲ್ಲ ಈ ಸಲ. ಯಾರಿಗೆ ಗೊತ್ತು, ಅರಿಷಿಣಕ್ಕೂ ಆಫ್ರಿಕಾಕ್ಕೂ ಏನೋ ಒಂದು ನಂಟು ಇದ್ದರೂ ಇರಬಹುದು ಅನ್ನಿಸಿತು. ಅವ್ವ ಗುಡಿಗೆ ಹೋಗಿ ಹೆಸರೂ ಗೊತ್ತಿಲ್ಲದ ಆ ಹೆಂಗಸಿನ ಪಾಲಿಗೆ ಒಂದು ಕಾಯಿ ಒಡೆಸಿಕೊಂಡು ಬಂದಳು.

ಆಮೇಲೆ ಪತ್ರಗಳು ನಿಂತವು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಅಂತರರಾಷ್ಟ್ರೀಯ ಕಾಯ್ದೆ ಮತ್ತು ಸಹಕಾರ ಲೋಕದ ಶಾಂತಿಯನ್ನು ಎಷ್ಟರಮಟ್ಟಿಗೆ ಕಾಯುತ್ತವೆ, ವಿವರಿಸಿ. ನಾನು ಹೆಚ್ಚಿನ ಹಾಳೆ ಕೇಳಿ ಪಡೆದು ಬರೆದೆ. ಕುಂದುಗಳಿವೆ, ಆದರೂ ಮನುಷ್ಯಕುಲಕ್ಕೆ ಬೇರೆ ದಾರಿಯಿಲ್ಲ, ದಿನದಿಂದ ದಿನಕ್ಕೆ ಇದು ಬಲಗೊಳ್ಳುತ್ತಿದೆ ಎಂದು ಮುಗಿಸಿದೆ. ಅಣ್ಣನ ಡೇರೆ, ಸಹಿ, ಎಲ್ಲವನ್ನೂ ಉದಾಹರಣೆಯಾಗಿ ಕೊಟ್ಟೆ. ಭಂಡಾರ ಮಾತ್ರ ಬಿಟ್ಟೆ, ನಾಚಿಕೆಯಾಗಿ. ಕಾಲೇಜಿಗೇ ಮೊದಲು ಬಂದೆ. ಆ ಉತ್ತರ ಬರೆದ ಕೈಯನ್ನು ನೋಡಿದರೆ ನನಗೆ ಇವತ್ತೂ ಸಿಟ್ಟು ಬರುತ್ತದೆ.

ಅಣ್ಣ ವಾಪಸು ಬಂದದ್ದು ಹಿಂಗಾರಿ ಬಿತ್ತನೆಯ ಹೊತ್ತಿಗೆ, ಎರಡು ತಿಂಗಳ ಸೂಟಿಯ ಮೇಲೆ. ಊರವರು ಶಾಲೆಯ ಅಂಗಳದಲ್ಲಿ ಹಾರ ಹಾಕಿದರು. ನೀಲಿ ಟೊಪ್ಪಿಗೆ ಕೈಯಿಂದ ಕೈಗೆ ಹೋಯಿತು. ನಾನು ಭಾಷಣ ಮಾಡಿದೆ, ನನ್ನ ಉತ್ತರ ಪತ್ರಿಕೆಯನ್ನೇ ಬಾಯಿಪಾಠ ಒಪ್ಪಿಸಿದ ಹಾಗೆ. ಅಣ್ಣನನ್ನು ನಾಲ್ಕು ಮಾತಾಡು ಅಂದರು. ಎದ್ದು ಕೈಮುಗಿದು ಕೂತ. ಮೊದಲಿಂದಲೂ ಮಿತಭಾಷಿ ಎಂದು ಮಾಸ್ತರರು ಸಂಭಾಳಿಸಿದರು. ನಮ್ಮಣ್ಣ ಮಿತಭಾಷಿ ಏನಲ್ಲ, ಅವನ ಬಾಯಿಗೆ ಹೆದರಿ ನಾಯಿಗಳು ಓಡುತ್ತಿದ್ದವು.

ಮರುದಿನ ಮಧ್ಯಾಹ್ನ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆ ಹೆಂಗಸು ಬಿತ್ತಿದಳೇನೋ ಎಂದು ಕೇಳಿದಳು. ಅಣ್ಣ ಕಂಬಕ್ಕೆ ಒರಗಿ ಕೂತವನು, ಜೋಳದ ಕಡೆ ನೋಡುತ್ತಾ ಹೇಳಿದ. ಅವಳು ಊರು ಮುಟ್ಟಿ ಎಂಟು ದಿನಕ್ಕೆ ಒಂದು ಪಂಗಡದವರು ಆ ಊರಿನ ಮೇಲೆ ಬಿದ್ದರು. ಹೊಗೆ ಛಾವಣಿಗೇ ಕಾಣುತ್ತಿತ್ತು. ಮೂರು ಹರದಾರಿ, ಗಾಡಿಗಳು ಸಿದ್ಧ ಇದ್ದವು. ಆದರೆ ಇವರ ಮೇಲೆ ಗುಂಡು ಬಂದರೆ ಮಾತ್ರ ಇವರು ಹಾರಿಸಬೇಕು, ಅಪ್ಪಣೆ ಇಲ್ಲದೆ ಜಾಗ ಬಿಡಬಾರದು ಎಂಬ ನಿಯಮ. ಸಾಹೇಬರು ವೈರ್‌ಲೆಸ್‌ನಲ್ಲಿ ಕೇಳಿದರು. ಅಲ್ಲಿಂದ ಮೇಲಿನವರನ್ನು ಕೇಳಿದರು. ಮೇಲಿನವರು ಅವರ ಮೇಲಿನವರನ್ನು. ಅಪ್ಪಣೆ ಬಂದದ್ದು ಮೂರನೆಯ ದಿನ.

"ಯಾರೂ ಉಳದಿರಲಿಲ್ಲಬೇ ಯವ್ವಾ," ಅಂದ. "ಆಕೀನೂ ಹುಡಿಗೇರೂ ಹೊಸ್ತಲದಾಗ ಬಿದ್ದಿದ್ರು. ಬಾಗಲಿಗೆ ಭಂಡಾರ ಹಚ್ಚಿದ್ಳು. ನಾ ತೋರಿಸಿದ್ದೆನಲಾ, ಹಂಗ, ಐದ ಬೊಟ್ಟು."

ಅವ್ವ ಮೊರವನ್ನು ಕೆಳಗಿಟ್ಟಳು. ಅಪ್ಪ, "ಎತ್ತಿ ಮುರದವರನ್ನ ಮಾಯವ್ವ ನೋಡ್ಕೋತಾಳ," ಎಂದ.

"ಅವರು ಎತ್ತಿರಲಿಲ್ಲಪ್ಪಾ. ಒಬ್ಬಾವ ಮೂಸಿ ನೋಡಿ ನಕ್ಕ. ಇನ್ನೊಬ್ಬಾವ ಪ್ಯಾಂಟಿಗೆ ಒರಸ್ಕೊಂಡ. ನಾ ನೋಡೇನಿ. ನೋಡೀನೂ ಆಕಿಗೆ ಹೋಗಂದೆ."

ಪತ್ರದಲ್ಲಿ ಇದನ್ನು ಅವನು ಬರೆದಿರಲಿಲ್ಲ. ಅಪ್ಪನಿಗೆ ಬೇಸರವಾದೀತು ಎಂದು ಬರೆಯಲಿಲ್ಲವೋ, ತಾನೇ ನಂಬಬೇಕೆಂದು ಬರೆಯಲಿಲ್ಲವೋ, ನಾನು ಕೇಳಲಿಲ್ಲ. ಏನಂತ ಕೇಳುವುದು. ನಾನಂತೂ ಆ ಹೊಗೆ ಎದ್ದು ಆರಿದ ಮೇಲೆ ಪರೀಕ್ಷೆಗೆ ಕೂತು ಹೆಚ್ಚಿನ ಹಾಳೆ ಬೇಡಿದವಳು. ಅಪ್ಪ ಆ ವಾರ ಪೂರ್ತಿ ಕಟ್ಟೆಗೆ ಹೋಗಲಿಲ್ಲ.

ಆದರೆ ಊರು ಅವನನ್ನು ಸುಮ್ಮನೆ ಬಿಡಬೇಕಲ್ಲ. ನಮ್ಮ ಓಣಿಯಲ್ಲೇ ಒಬ್ಬ ವಿಧವೆ ಇದ್ದಳು, ನಾವೆಲ್ಲ ಚಿಗವ್ವ ಅನ್ನುತ್ತಿದ್ದೆವು. ಅವಳಿಗೆ ವಾಡೆಯವರ ಹೊಲಕ್ಕೆ ಅಂಟಿಕೊಂಡು ಎರಡು ಎಕರೆ ಎರಿ ಹೊಲ. ವಾಡೆಯವರು ಬಾಂದು ಕಿತ್ತು, ಅರ್ಧ ಹೊಲ ತಮ್ಮದೆಂದು ಹೇಳಿ, ಬಿತ್ತಲು ಹೋದ ಅವಳ ಕೂರಿಗೆ ಮುರಿದು ಎಸೆದಿದ್ದರು. ಅವಳ ತಮ್ಮನನ್ನು ಬಡಿದೂ ಇದ್ದರು. ಕೋರ್ಟಿಗೆ ಹೋದರೆ ಬಿತ್ತುವ ಹದ ಹೋಗುತ್ತದೆ. ಅವಳು ಅಪ್ಪನ ಮುಂದೆ ಬಂದು ಕೂತಳು.

ಅಪ್ಪ ಪಂಚರನ್ನು ಕೂಡಿಸಿದ. ವಾಡೆಯ ಹಿರಿಯ ಮಗ ಮೋಟರ್‌ಸೈಕಲ್ಲಿನ ಮೇಲೆ ಬಂದ. ಬಾಂದು ಹಳೆಯ ಜಾಗಕ್ಕೇ ಹಾಕುತ್ತೇನೆ, ಅವಳ ತಂಟೆಗೆ ಹೋಗುವುದಿಲ್ಲ ಎಂದು ಎಲ್ಲರ ಮುಂದೆ ಒಪ್ಪಿದ. ಇಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಡಬ್ಬಿಯ ಮುಚ್ಚಳ ತೆಗೆದ. ಇಬ್ಬರಿಗೂ ಒಂದೊಂದು ಚಿಟಿಕೆ ಹಾಕಿದ. ಚಿಗವ್ವ ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು.

ವಾಡೆಯ ಮಗ ಯಾರಿಗೋ ಕೈ ಮಾಡಿ ಕರೆಯುತ್ತಾ ಎದ್ದ. ಏಳುವಾಗ ಅಂಗೈಯನ್ನು ಧೋತರದ ಅಂಚಿಗೆ ಸವರಿಕೊಂಡ. ಎತ್ತಿದನೋ ಇಲ್ಲವೋ ಎಂದು ಪಂಚರಲ್ಲಿ ಯಾರೂ ಕೇಳಲಿಲ್ಲ. ಪಂಚರ ಕಬ್ಬು ಕಡಿಯುವ ಟೋಳಿಯೂ ವಾಡೆಯವರು ಕರೆಸಿದಾಗಲೇ ಬರುವುದು, ಅವರ ಹೊಲಕ್ಕೆ ನೀರು ವಾಡೆಯವರ ಮೋಟರಿನಿಂದಲೇ ಬರುವುದು. ನಾನೂ ನೋಡಿದೆ. ಅಪ್ಪನೂ ನೋಡಿದ. ಮುಚ್ಚಳ ಹಾಕಿ, "ಆತು, ಏಳ್ರಿ," ಎಂದ. ಅಪ್ಪನನ್ನು ಮಾತಿನಲ್ಲಿ ಕೆಡವಬೇಕು ಎಂದು ನನಗೆ ಅವತ್ತು ಅನ್ನಿಸಲಿಲ್ಲ.

ಚಿಗವ್ವ ಅಪ್ಪನ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಣ್ಣನ ಹತ್ತಿರ ಹೋದಳು. ಪಲ್ಟಣದವನು, ಹೊರದೇಶ ಕಂಡವನು ಅಂತ ಅವನ ಮೇಲೆ ಅವಳಿಗೆ ಭರವಸೆ.

"ಏನ ತಮ್ಮಾ," ಅಂದಳು, "ಹೋಗ್ಲ್ಯಾ ನಾ ಹೊಲಕ್ಕ?"

ಅಣ್ಣನ ಮುಖ ಸುಣ್ಣದ ಗೋಡೆಯಂತಾಯಿತು. ಆಮೇಲೆ, "ನಾ ಬರತೇನಿ ಚಿಗವ್ವಾ. ನಾ ಬಂದ ಮ್ಯಾಲ ಕೂರಿಗಿ ಹೂಡು," ಎಂದ.

ಮರುದಿನದಿಂದ ಭೋಂಗಾ ಕೂಗುವ ಹೊತ್ತಿಗೆ ಹೋಗಿ ಅವಳ ಬಾಂದಿನ ಮೇಲೆ ಕೂರುತ್ತಿದ್ದ. ಬರಿಗೈಯಲ್ಲಿ, ಬಿಸಿಲಿಗೆಂದು ಆ ನೀಲಿ ಟೊಪ್ಪಿಗೆ ಹಾಕಿಕೊಂಡು. ವಾಡೆಯವರು ತಮ್ಮ ಹೊಲದಲ್ಲಿ ನಿಂತು ನೋಡುತ್ತಿದ್ದರು, ಹತ್ತಿರ ಬರಲಿಲ್ಲ. ಚಿಗವ್ವ ಬಿತ್ತಿದಳು. ಜೋಳ ಮೊಳೆತು ಗೇಣುದ್ದ ಆಯಿತು. ನಾನು ಬುತ್ತಿ ಕೊಡಲು ಹೋದಾಗೆಲ್ಲ ಅವಳು, ನಿಮ್ಮಣ್ಣ ದೇವರಂಥಾವ ಅನ್ನುತ್ತಿದ್ದಳು. ಅಣ್ಣ ಆ ಮಾತಿಗೆ ಎದ್ದು ದೂರ ಹೋಗುತ್ತಿದ್ದ.

ಸೂಟಿ ಮುಗಿಯುವ ಹಿಂದಿನ ದಿನ ಅವನು ಅವಳ ಮನೆಗೆ ಹೋದ. ನಾನು ಜೊತೆಗಿದ್ದೆ. ಅವಳು ಕಳೆ ತೆಗೆಯಲು ಕುರ್ಪಿ ಮಸೆಯುತ್ತಿದ್ದಳು.

"ನಾಳಿ ನಾ ಹೊಂಟೆ ಚಿಗವ್ವಾ," ಅಂದ. "ನಾಳಿಂದ ನೀ ಹೊಲಕ್ಕ ಹೋಗಬ್ಯಾಡ."

"ಬೆಳಿ ತಮ್ಮಾ?"

"ಬಿಡು."

ಅವಳು ಅವನನ್ನೇ ನೋಡಿದಳು, ನನ್ನ ಕಡೆ ನೋಡಿದಳು, ತಿರುಗಿ ಕುರ್ಪಿ ಮಸೆಯತೊಡಗಿದಳು. ಮರುದಿನ ಅಣ್ಣನನ್ನು ಬಸ್ಸಿಗೆ ಹತ್ತಿಸಿ ನಾವು ವಾಪಸು ಬರುವಾಗ ವಾಡೆಯವರ ದನ ಚಿಗವ್ವನ ಜೋಳದಲ್ಲಿ ಮೇಯುತ್ತಿದ್ದವು. ಅವಳು ದಾರಿಯ ಈಚೆ ನಿಂತು ನೋಡುತ್ತಿದ್ದಳು, ಕೈಯಲ್ಲಿ ಕುರ್ಪಿ ಇತ್ತು. ಅಪ್ಪ ತಲೆ ತಗ್ಗಿಸಿಕೊಂಡು ಅವಳನ್ನು ದಾಟಿ ಮುಂದೆ ನಡೆದ. ನಾನೂ ಅವನ ಹಿಂದೆಯೇ ನಡೆದೆ.