ಅತ್ತಿಗೆಯ ಗರಗಸಕ್ಕೆ ಉಸಿರು ಕಟ್ಟಿದ್ದು

ಆ ಮೆಕ್ಯಾನಿಕ್ ನನ್ನ ಅತ್ತಿಗೆಯ ಚೈನ್ ಗರಗಸವನ್ನು ಬೂಟುಗಾಲಿನಿಂದ ಪಕ್ಕಕ್ಕೆ ತಳ್ಳಿದ. ಕೈಯಲ್ಲಿ ಎತ್ತಿಡಲಿಲ್ಲ, ಬಗ್ಗಿ ನೋಡಲೂ ಇಲ್ಲ. ಒಂಬತ್ತು ವರ್ಷವಾಯಿತು. ಆ ಬೂಟಿನ ತುದಿಗೆ ಅಂಟಿದ್ದ ಗ್ರೀಸು ಸಹ ನನಗೆ ನೆನಪಿದೆ. ಮರೆತುಬಿಡು ಎಂದು ಮನೆಯವರೆಲ್ಲ ಹೇಳಿ ಸಾಕಾದರು. ನಾನು ಮರೆಯುವವನಲ್ಲ.

"ಇದು ನಿಮ್ಮ ತಾತನ ಕಾಲದ್ದು," ಅಂದ ಅವನು. "ಚೈನಿಗೆ ತಾನಾಗೇ ಎಣ್ಣೆ ಬಿಡೋ ಪಂಪು ಸತ್ತೋಗಿದೆ. ಸಾಮಾನು ಎಲ್ಲೂ ಸಿಗಲ್ಲ. ಗುಜರಿಗೆ ಹಾಕಿ, ಹೊಸದು ತಗೊಳ್ಳಿ."

"ಬಿಚ್ಚಿ ನೋಡಿದ್ಯಾ?" ಎಂದು ಅತ್ತಿಗೆ ಕೇಳಿದರು.

"ಬಿಚ್ಚೋದ್ಯಾಕಮ್ಮ, ನೋಡಿದ್ರೇ ಗೊತ್ತಾಗುತ್ತೆ."

"ನಿನ್ನ ನೋಡಿದ್ರೂ ಗೊತ್ತಾಗುತ್ತೆ," ಎಂದು ಅವರು ಗರಗಸವನ್ನು ಹೆಗಲಿಗೇರಿಸಿ ಹೊರಟೇಬಿಟ್ಟರು.

ನಾನು ಅಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಅವನ ಜನ್ಮ ಜಾಲಾಡಿದೆ. ಹೋದ ಸಲ ಸರ್ವೀಸಿಗೆ ಕೊಟ್ಟಾಗ ಇವನೇ ಕೆಡಿಸಿದ್ದು ಅಂತಲೂ ಕೂಗಿದೆ. "ನಿಮ್ಮ ಮನೇಲೇ ಯಾರೋ ಕೆಡಿಸಿರ್ತಾರೆ ಹೋಗ್ರಿ," ಅಂದ. ಆ ಮಾತಿಗೆ ನನಗೆ ಇನ್ನೂ ಉರಿಯಿತು.

ಅತ್ತಿಗೆ ಮರದ ಮಿಲ್ಲಿನಲ್ಲಿ ದಿಮ್ಮಿ ಕೊಯ್ಯುವವರು. ಆ ಗರಗಸ ಮೊದಲು ನಮ್ಮಪ್ಪನದು, ಆಮೇಲೆ ಅಣ್ಣನದು. ದಿಮ್ಮಿ ಉರುಳಿ ಅಣ್ಣನ ಸೊಂಟ ಹೋಯಿತು. ಮೂರು ವಾರ ಆಸ್ಪತ್ರೆಗೂ ಮನೆಗೂ ಓಡಾಡಿದ ಅತ್ತಿಗೆ, ನಾಲ್ಕನೆಯ ವಾರ ಅಣ್ಣನ ಹಳೆಯ ಪ್ಯಾಂಟು ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಗರಗಸ ಹೊತ್ತು ಮಿಲ್ಲಿಗೆ ಹೋದರು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮೊದಲ ದಿನ ಸಂಜೆಯವರೆಗೆ ಒಂದೇ ದಿಮ್ಮಿ ಕೊಯ್ದರು, ಅದೂ ಸೊಟ್ಟಗೆ. ಮರುದಿನ ಎರಡು. ಆರು ತಿಂಗಳು ಕಳೆಯುವಷ್ಟರಲ್ಲಿ, ಗಂಟುಗಂಟಾದ ಮರ ಬಂದರೆ ನಕ್ಕವರೇ "ಅಕ್ಕ, ಇದನ್ನ ನೀವೇ ನೋಡಿ" ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಅಣ್ಣ ಮಂಚಕ್ಕೆ ಒರಗಿ ಕೂತು ಅರದಿಂದ ಚೈನಿನ ಹಲ್ಲು ಮಸೆದು ಕೊಡುತ್ತಿದ್ದ. ಹೀಗೆ ಇಬ್ಬರೂ ಒಂದೇ ಗರಗಸದಲ್ಲಿ ಹತ್ತು ವರ್ಷ ಸಂಸಾರ ತೂಗಿಸಿದ್ದರು.

ಈಗ ಅದರ ಚೈನು ಒಣಗಿ ಹೊಗೆಯಾಡತೊಡಗಿತ್ತು. ಟ್ಯಾಂಕಿನ ಎಣ್ಣೆಯನ್ನು ಪಂಪು ಚೈನಿಗೆ ಹನಿಸುತ್ತಲೇ ಇರಬೇಕು. ಇಲ್ಲವಾದರೆ ಚೈನು ಕಾದು, ತುಂಡಾಗಿ, ಮುಖಕ್ಕೇ ಹೊಡೆಯಬಹುದು. ಮೇಸ್ತ್ರಿಗೆ ಇಂಥದ್ದೇ ಒಂದು ನೆಪ ಬೇಕಾಗಿತ್ತು, ಅವನ ಭಾವಮೈದುನ ಕೆಲಸವಿಲ್ಲದೆ ಕೂತಿದ್ದ.

"ಶನಿವಾರದೊಳಗೆ ಸರಿಯಾಗ್ಲಿಲ್ಲ ಅಂದ್ರೆ ಪೊರಕೆ ಹಿಡ್ಕೋ," ಅಂದ. "ಹೊಟ್ಟು ಗುಡಿಸೋಕೂ ಜನ ಬೇಕು."

"ಮನೆ ಪೊರಕೇನೇ ನಾನು ಸರಿಯಾಗಿ ಹಿಡಿಯಲ್ಲ," ಅಂದರು ಅತ್ತಿಗೆ.

ಮೆಕ್ಯಾನಿಕ್ ಆಗಲ್ಲ ಎಂದ ಮೇಲೆ, ಅಂದರೆ ಬುಧವಾರ ಸಂಜೆ, ಅಡುಗೆಮನೆಯ ನೆಲಕ್ಕೆ ಪೇಪರು ಹಾಸಿ ಅವರೇ ಬಿಚ್ಚಿದರು. ಎಣ್ಣೆ ಹೀರುವ ಪೈಪಿನ ತುದಿಯ ಜಾಲರಿ ಚೊಕ್ಕಟವಾಗಿತ್ತು. ಪೈಪಿನಲ್ಲಿ ಬಿರುಕಿರಲಿಲ್ಲ. ಪಂಪನ್ನು ಅಂಗೈ ಮೇಲಿಟ್ಟು ಹಲ್ಲುಚಕ್ರ ತಿರುಗಿಸಿದರೆ ಒಳಗಿನ ಕಡ್ಡಿ ಸಲೀಸಾಗಿ ಹಿಂದೆ ಮುಂದೆ ಆಡಿತು.

"ಸತ್ತಿದೆಯಂತೆ," ಅಂದ ಅಣ್ಣ. "ನನ್ನ ಸೊಂಟಕ್ಕಿಂತ ಚೆನ್ನಾಗಿದೆ."

ನಾನು ಬಾಗಿಲಲ್ಲಿ ನಿಂತು ಮೆಕ್ಯಾನಿಕ್‌ಗೆ, ಮೇಸ್ತ್ರಿಗೆ, ಮೇಸ್ತ್ರಿಯ ಭಾವಮೈದುನನಿಗೆ ಸೇರಿಸಿ ಬಯ್ಯುತ್ತಿದ್ದೆ. ಅತ್ತಿಗೆ ಕೈ ತೊಳೆಯಲು ಬಚ್ಚಲಿಗೆ ಹೋದಾಗಲೆಲ್ಲ ಇಲಿಬೋನನ್ನೂ ಇಣುಕಿ ನೋಡಿ ಬರುತ್ತಿದ್ದರು. ವಾರದ ಹಿಂದೆ ಅವರ ಹೊಸ ಸಾಬೂನಿನ ಒಂದು ಮೂಲೆ ಕಚ್ಚಿದ ಹಾಗೆ ಮಾಯವಾಗಿತ್ತು. ಅಂದಿನಿಂದ ಬೋನು ಇಟ್ಟು ಕಾಯುತ್ತಿದ್ದರು, ಇಲಿ ಬಿದ್ದಿರಲಿಲ್ಲ.

ಎಲ್ಲ ಜೋಡಿಸಿ, ಎಣ್ಣೆ ತುಂಬಿ, ಹಿತ್ತಿಲಲ್ಲಿ ಬಿಳಿ ರಟ್ಟಿನ ಮುಂದೆ ಓಡಿಸಿದಾಗ ರಟ್ಟಿನ ಮೇಲೆ ಎಣ್ಣೆಯ ಗೆರೆ ಬಿತ್ತು. ಸರಿಯಾಯಿತು ಅಂದುಕೊಂಡೆವು. ಗುರುವಾರ ಮಿಲ್ಲಿನಲ್ಲಿ ಹತ್ತು ನಿಮಿಷ ಕೊಯ್ಯುವುದರೊಳಗೆ ಮತ್ತೆ ಹೊಗೆ. ಸಂಜೆ ಮತ್ತೆ ಬಿಚ್ಚಿದರು, ಮತ್ತೆ ಗೆರೆ ಬಿತ್ತು. ಶುಕ್ರವಾರ ಮತ್ತೆ ಹೊಗೆ. ಅಂದು ಊಟದ ಹೊತ್ತಿಗೆ ಮೇಸ್ತ್ರಿ ಒಂದು ಹೊಸ ಪೊರಕೆ ತಂದು ಅತ್ತಿಗೆಯ ದಿಮ್ಮಿಗೆ ಒರಗಿಸಿಟ್ಟು ಹೋದ. ಅತ್ತಿಗೆ ಅದನ್ನು ದಿಮ್ಮಿಯ ಮೇಲೆ ಅಡ್ಡಡ್ಡ ಮಲಗಿಸಿ ಗರಗಸದಿಂದ ಎರಡು ತುಂಡು ಮಾಡಿದರು. ಚೈನು ಒಣಗಿದ್ದರೂ ಅಷ್ಟಕ್ಕೆ ಸಾಕಿತ್ತು.

ಆ ಸಂಜೆ ನನಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹಾಗಾಗಿ ಮನೆ ತಣ್ಣಗಿತ್ತು. ಅತ್ತಿಗೆ ಟ್ಯಾಂಕಿನ ಮುಚ್ಚಳ ತಿರುವಿದರು. ಸ್ಸ್ ಎಂದು ಸಣ್ಣದೊಂದು ಸದ್ದು.

"ಕೇಳಿಸ್ತಾ?" ಅಂದರು. "ಗಾಳಿ ಒಳಗೆ ಎಳ್ಕೊಳ್ತು. ಎರಡು ದಿನದಿಂದ ಇದು ಹೇಳ್ತಾನೇ ಇತ್ತೇನೋ, ನಿನ್ನ ಗಲಾಟೇಲಿ ಯಾರಿಗೆ ಕೇಳಿಸಬೇಕು."

ಎಣ್ಣೆ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿಗೆ ಉಸಿರು ಕಟ್ಟುತ್ತದೆ, ಪಂಪು ಎಷ್ಟು ಎಳೆದರೂ ಎಣ್ಣೆ ಬರುವುದಿಲ್ಲ. ಮನೆಯಲ್ಲಿ ಪ್ರತಿಸಲ ಮುಚ್ಚಳ ತೆಗೆದು ಎಣ್ಣೆ ತುಂಬಿಸುತ್ತಿದ್ದೆವು, ಗಾಳಿಯೂ ಸೇರಿಕೊಳ್ಳುತ್ತಿತ್ತು. ಅದಕ್ಕೇ ಹಿತ್ತಿಲಲ್ಲಿ ಓಡುತ್ತಿದ್ದದ್ದು ಮಿಲ್ಲಿನಲ್ಲಿ ಕೈಕೊಡುತ್ತಿತ್ತು.

ಟ್ಯಾಂಕಿನ ಮೇಲಂಚಿನಲ್ಲಿ ಸಾಸಿವೆಯಷ್ಟು ತೂತಿತ್ತು. ಅತ್ತಿಗೆ ತಲೆಯಿಂದ ಹೇರ್‌ಪಿನ್ನು ತೆಗೆದು ಅದರೊಳಗೆ ಚುಚ್ಚಿದರು. ಹಳದಿ ಮೇಣದಂಥದ್ದು ಪುಡಿಪುಡಿಯಾಗಿ ಬಂತು. ಬೆರಳಲ್ಲಿ ಉಜ್ಜಿ ಮೂಸಿದರು.

"ಇಲಿ ಸಿಕ್ತು," ಅಂದರು.

ಮರೆಯುವವನಲ್ಲ ಎಂದೆನಲ್ಲ, ಇದೊಂದನ್ನು ಮರೆತಿದ್ದೆ. ವಾರದ ಹಿಂದೆ ಗರಗಸವನ್ನು ಸ್ಕೂಟರಿನಲ್ಲಿ ಮಲಗಿಸಿ ತರುವಾಗ ಆ ತೂತಿನಿಂದ ಎಣ್ಣೆ ಜಿನುಗಿ ನನ್ನ ಹೊಸ ಪ್ಯಾಂಟು ಹಾಳಾಗಿತ್ತು. ಪೆಟ್ರೋಲ್ ಟ್ಯಾಂಕು ಸೋರಿದರೆ ಸಾಬೂನು ಮೆತ್ತುವುದು ಸ್ಕೂಟರು ಓಡಿಸುವ ನಮಗೆಲ್ಲ ಗೊತ್ತಿರುವ ಮದ್ದು. ಸಿಟ್ಟಿನಲ್ಲಿ ಬಚ್ಚಲಿನ ಸಾಬೂನನ್ನು ಮುರಿದು ಮೆತ್ತಿದ್ದೆ. ಸೋರುವುದು ನಿಂತಿತ್ತು.

ಅಣ್ಣ ಮೊದಲು ನನ್ನ ಮುಖ ನೋಡಿದ, ಆಮೇಲೆ ನನ್ನ ಪ್ಯಾಂಟು ನೋಡಿದ. ಅತ್ತಿಗೆ ಯಾರನ್ನೂ ನೋಡಲಿಲ್ಲ.

ಶನಿವಾರ ಅವರು ಮೇಸ್ತ್ರಿಯ ಎದುರಿಗೇ ನಿಂತು ಒಂದು ಗಂಟೆ ಬಿಡದೆ ಕೊಯ್ದರು. ನಾನೂ ಹೋಗಿದ್ದೆ. ಹೊಟ್ಟು ಎಣ್ಣೆಯಲ್ಲಿ ನೆನೆದು ಅವರ ಕಾಲ ಬಳಿ ಗುಡ್ಡೆಯಾಯಿತು.

"ಏನಾಗಿತ್ತು ಅದಕ್ಕೆ?" ಎಂದು ಮೇಸ್ತ್ರಿ ಕೇಳಿದ.

ಅತ್ತಿಗೆ ಎಂಜಿನ್ ನಿಲ್ಲಿಸಿದರು. ನಾನು ನೆಲ ನೋಡುತ್ತ ನಿಂತೆ.

"ಹೊಟ್ಟು ಸಿಕ್ಕೊಂಡಿತ್ತು," ಅಂದರು.

"ಹೊಟ್ಟಾ?"

"ಹೂಂ. ಇಲ್ಲಿ ಸರಿಯಾಗಿ ಗುಡಿಸೋರಿಲ್ಲ ನೋಡು. ನಿನ್ನ ಭಾವಮೈದುನನ್ನ ಕರ್ಕೊಂಡು ಬಾ."

ಆ ಗರಗಸ ಇಂದಿಗೂ ಓಡುತ್ತಿದೆ, ಅತ್ತಿಗೆಯ ಕೈಯಲ್ಲೇ. ಮೆಕ್ಯಾನಿಕ್ ಕೆಡಿಸಿದ ಎಂದು ಕೂಗಿದ್ದು ನನ್ನ ತಪ್ಪು. ಇಲ್ಲಿ ಬರೆದಿದ್ದೇನೆ, ಅವನಿಗೆ ಅಷ್ಟು ಸಾಕು. ಬೂಟಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ.

ಬಚ್ಚಲಲ್ಲಿ ಹೊಸ ಸಾಬೂನು ಬಿಚ್ಚಿದಾಗಲೆಲ್ಲ ಅತ್ತಿಗೆ ನನಗೆ ಕೇಳಿಸುವಂತೆ ಹೇಳುತ್ತಾರೆ, "ಆ ಇಲಿ ನನಗೊಂದು ಸಾಬೂನು ಕೊಡಬೇಕು." ತಂದುಕೊಟ್ಟರೆ ನಾನೇ ಎಂದು ಬಾಯಿಬಿಟ್ಟು ಒಪ್ಪಿದಂತೆ. ನನಗಾಗಿ ಅವರು ಮಿಲ್ಲಿನಲ್ಲಿ ಅಷ್ಟು ಜನರ ಮುಂದೆ ಸುಳ್ಳು ಹೇಳಿದರು. ನಾನು ಇಂದಿಗೂ ಒಂದು ಸಾಬೂನೂ ತಂದುಕೊಟ್ಟಿಲ್ಲ.